ಗುಡಿಸಿ ಗುಂಡಾಂತರ: ಒಂದು ಕಾರ್ಡಿನ ಸುತ್ತ ಡೆಕ್ ಕಟ್ಟುವ ಬಗೆ

(ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ, ಲೆಕ್ಕಗಳನ್ನು ಇನ್ನೊಮ್ಮೆ ಮಾಡಿ ನೋಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಡೆಕ್, ಅಂದರೆ ಆಟಕ್ಕೆ ಒಯ್ಯುವ ಕಾರ್ಡುಗಳ ಕಟ್ಟು, ಅದನ್ನು ಕಟ್ಟುವುದರ ಬಗ್ಗೆ ಮಾತಾಡಿ ಎಂದು ಕೇಳಿದಾಗ, ಒಂದೇ ಒಂದು ಕಾರ್ಡ್ ಹಿಡಿದುಕೊಂಡು ಮಾತಾಡುತ್ತೇನೆ ಎಂದು ಒಪ್ಪಿಕೊಂಡೆ. ಆ ಕಾರ್ಡ್ ರಾತ್ ಆಫ್ ಗಾಡ್. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಅವರ ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟ ಮೊದಲ ಸಲ ಅಚ್ಚಾದಾಗಲೇ, ಆಲ್ಫಾ ಸೆಟ್ಟಿನಲ್ಲೇ, ಅದು ಇತ್ತು. ಬೆಲೆ ನಾಲ್ಕು ಮಾನಾ (ಲ್ಯಾಂಡ್ ಎಂಬ ಕಾರ್ಡುಗಳಿಂದ ಸಿಗುವ, ಬಣ್ಣ ಬಣ್ಣದ ಶಕ್ತಿ), ಅದರಲ್ಲಿ ಎರಡು ಬಿಳಿಯದೇ ಆಗಬೇಕು. ಅದು ಹೇಳುವುದು ಎರಡೇ ಮಾತು: ಎಲ್ಲ ಕ್ರೀಚರ್‌ಗಳೂ ನಾಶ, ಅವು ರೀಜನರೇಟ್ ಆಗುವಂತಿಲ್ಲ, ಅಂದರೆ ನಾಶದಿಂದ ಪಾರಾಗುವಂತಿಲ್ಲ. ಕ್ರೀಚರ್ ಎಂದರೆ ಮೇಜಿನ ಮೇಲೆ ಇಳಿಸಿ ಎದುರಾಳಿಯನ್ನು ಹೊಡೆಯುವ ಜೀವಿಯ ಕಾರ್ಡ್.

ಅಲ್ಲಿರುವ ‘ಎಲ್ಲ’ ಎಂಬ ಪದದ ಮೇಲೆ ಬೆರಳಿಡಿ. ಎದುರಾಳಿಯ ಕ್ರೀಚರ್‌ಗಳು ಎಂದಿಲ್ಲ, ದೊಡ್ಡವು ಎಂದಿಲ್ಲ, ನೀವು ಆರಿಸಿದವು ಎಂದೂ ಇಲ್ಲ. ಮೇಜಿನ ಈ ಬದಿ, ಆ ಬದಿ ಎಂಬ ಭೇದವೇ ಅದಕ್ಕೆ ಗೊತ್ತಿಲ್ಲ. ಗುಡಿಸಿ ಗುಂಡಾಂತರ ಮಾಡಿ ಹೋಗುತ್ತದೆ. ಇಷ್ಟು ನಿಷ್ಪಕ್ಷಪಾತಿಯಾದ ಕಾರ್ಡನ್ನು ಇಟ್ಟುಕೊಂಡು ಗೆಲ್ಲುವುದು ಹೇಗೆ? ಕಾರ್ಡ್ ಇಬ್ಬರಿಗೂ ಸಮ. ಅದನ್ನು ನಮ್ಮ ಕಡೆಗೆ ವಾಲಿಸಬೇಕಾದದ್ದು 60 ಕಾರ್ಡಿನ ಡೆಕ್ಕಿನಲ್ಲಿ ನಾಲ್ಕು ರಾತ್ ಬಿಟ್ಟು ಉಳಿದ 56 ಕಾರ್ಡುಗಳು. ಈ ಕೆಲಸ ಮುಗಿಯಬೇಕಾದದ್ದು ಆಟಕ್ಕೆ ಕೂರುವ ಮೊದಲೇ, ಡೆಕ್ ಪಟ್ಟಿ ಬರೆಯುವಾಗಲೇ.

ನಾನು ಇದನ್ನು ಕಲಿತದ್ದು ನನ್ನ ಮೊದಲ ಬಿಳಿ ಡೆಕ್ಕಿನಿಂದ. ಅದರಲ್ಲಿ ನಾಲ್ಕು ರಾತ್ ಇದ್ದವು, ಜೊತೆಗೆ 18 ಕ್ರೀಚರ್‌ಗಳೂ ಇದ್ದವು. ಕ್ರೀಚರ್‌ಗಳಿಂದ ಹೊಡೆಯೋಣ, ಸೋಲುವ ಹಾಗಾದರೆ ರಾತ್ ಹಾಕೋಣ ಎಂಬ ಯೋಚನೆ. ಕೇಳಲು ಸರಿಯಾಗಿಯೇ ಇದೆ. ಆಡುವಾಗ ಆದದ್ದೇ ಬೇರೆ. ನನ್ನವು ಮೂರು, ಎದುರಾಳಿಯವು ನಾಲ್ಕು ಮೇಜಿನ ಮೇಲಿರುವಾಗ ಕೈಗೆ ರಾತ್ ಬರುತ್ತಿತ್ತು. ಹಾಕಿದರೆ ನನ್ನ ಮೂರು ಟರ್ನುಗಳ ದುಡಿಮೆಯೂ ಹೋಗುತ್ತದೆ, ಹಾಕದಿದ್ದರೆ ಕೈಯಲ್ಲಿ ಒಂದು ಕಾರ್ಡ್ ಸುಮ್ಮನೆ ಕೊಳೆಯುತ್ತದೆ. ಕ್ರೀಚರ್‌ಗಳು ಕೈಗೆ ಬಂದರೆ ರಾತ್ ದಂಡ, ರಾತ್ ಬಂದರೆ ಕ್ರೀಚರ್‌ಗಳು ದಂಡ. ಒಂದೇ ಪೆಟ್ಟಿಗೆಯಲ್ಲಿ ಒಂದಕ್ಕೊಂದು ಎದುರು ನಿಲ್ಲುವ ಎರಡು ಡೆಕ್ಕುಗಳನ್ನು ಇಟ್ಟಿದ್ದೆ ಎಂದು ತಿಳಿಯಲು ನನಗೆ ಬಹಳ ಆಟಗಳು ಬೇಕಾದವು.

ಮೊದಲು ಈ ಕಾರ್ಡಿನ ಲಾಭ ಏನು ಎಂದು ನೋಡೋಣ. ಎದುರಾಳಿ ಮೂರು ಕ್ರೀಚರ್ ಇಳಿಸಿದ್ದಾನೆ, ನಾವು ಒಂದು ಕಾರ್ಡಿನಿಂದ ಮೂರನ್ನೂ ತೆಗೆದೆವು. ಅವನ ಮೂರು ಕಾರ್ಡಿಗೆ ನಮ್ಮದು ಒಂದು. ಇದು ಎಲ್ಲರಿಗೂ ಕಾಣುವ ಲೆಕ್ಕ. ಕಾಣದ ಲೆಕ್ಕ ಮಾನಾದ್ದು. ಆ ಮೂರಕ್ಕೆ ಅವನು ಒಂದು, ಎರಡು, ಮೂರು, ಹೀಗೆ ಆರು ಮಾನಾ ಸುರಿದಿದ್ದಾನೆ, ಮೂರು ಟರ್ನ್ ಪೂರ್ತಿ ಕೊಟ್ಟಿದ್ದಾನೆ. ನಾವು ಕೊಟ್ಟದ್ದು ನಾಲ್ಕು ಮಾನಾ, ಒಂದು ಟರ್ನ್. ಅಂದರೆ ರಾತ್ ಕಾರ್ಡನ್ನೂ ಉಳಿಸುತ್ತದೆ, ಸಮಯವನ್ನೂ ಉಳಿಸುತ್ತದೆ.

ಆದರೆ ಇದನ್ನೆಲ್ಲ ಪಡೆಯುವುದು, ಟರ್ನಿಗೊಂದರಂತೆ ನಾಲ್ಕು ಲ್ಯಾಂಡ್ ಇಟ್ಟ ಮೇಲೆ, ನಾಲ್ಕನೇ ಟರ್ನಿನಲ್ಲಿ. ಅಲ್ಲಿಯವರೆಗೆ ಬದುಕಿರಬೇಕು. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ರಾತ್ ಡೆಕ್ಕುಗಳು ಸಾಮಾನ್ಯವಾಗಿ ಸೋಲುವುದು ಇಲ್ಲೇ.

ಎದುರಾಳಿ ಮೊದಲು ಆಡುತ್ತಿದ್ದಾನೆ ಎನ್ನಿ. ಮೊದಲ ಟರ್ನಿನಲ್ಲಿ 2 ಬಲದ (ಅಂದರೆ ಒಂದು ಸಲಕ್ಕೆ 2 ಪೆಟ್ಟು ಕೊಡುವ) ಕ್ರೀಚರ್, ಎರಡನೆಯದರಲ್ಲಿ ಇನ್ನೊಂದು 2 ಬಲದ್ದು, ಮೂರನೆಯದರಲ್ಲಿ 3 ಬಲದ್ದು. ಇದು ಅತಿ ವೇಗದ ಡೆಕ್ಕೇನೂ ಅಲ್ಲ. ಎರಡನೇ ಟರ್ನಿನಲ್ಲಿ ನಮಗೆ 2 ಪೆಟ್ಟು, ಮೂರನೆಯದರಲ್ಲಿ 4, ನಾಲ್ಕನೆಯದರಲ್ಲಿ 7. ಒಟ್ಟು 13. ನಾವು ನಾಲ್ಕನೇ ಲ್ಯಾಂಡ್ ಇಟ್ಟು ರಾತ್ ಹಾಕುವ ಹೊತ್ತಿಗೆ 20 ಲೈಫಿನಲ್ಲಿ ಉಳಿದಿರುವುದು 7. ಒಂದು ಟರ್ನ್ ತಡವಾದರೆ ಇನ್ನೊಂದು 7 ಬೀಳುತ್ತದೆ. ಅಲ್ಲಿಗೆ ಸರಿಯಾಗಿ 20. ಆಟ ಮುಗಿಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಐದನೇ ಟರ್ನಿಗೆ ಕಾದಿರಿಸಿದ ರಾತ್ ಕೈಯಲ್ಲೇ ಉಳಿಯುತ್ತದೆ.

ಅದೇ ಆಟದಲ್ಲಿ ನಾವು ಮೊದಲು ಆಡಿದ್ದರೆ? ಅವನ ನಾಲ್ಕನೇ ಟರ್ನ್ ಬರುವ ಮೊದಲೇ ನಮ್ಮ ನಾಲ್ಕನೆಯದು ಬರುತ್ತದೆ. ಬಿದ್ದಿರುವ ಪೆಟ್ಟು 6, ಉಳಿದ ಲೈಫ್ 14. ಯಾರು ಮೊದಲು ಆಡಿದರು ಎಂಬುದೊಂದರಿಂದ 7 ಲೈಫಿನ ಅಂತರ. ನಿಧಾನದ ಡೆಕ್ಕಿಗೆ ಎರಡನೆಯದಾಗಿ ಆಡಿ ಒಂದು ಕಾರ್ಡ್ ಹೆಚ್ಚು ಪಡೆಯುವುದೇ ಒಳ್ಳೆಯದು ಎನ್ನುವವರಿದ್ದಾರೆ. ವೇಗದ ಕ್ರೀಚರ್ ಡೆಕ್ಕಿನ ಎದುರು ನಾನು ಅದನ್ನು ಒಪ್ಪುವುದಿಲ್ಲ. ಹೆಚ್ಚುವರಿ ಕಾರ್ಡ್ ಕೊಡುವುದಕ್ಕಿಂತ ಆ 7 ಲೈಫ್ ಕೊಡುವುದು ದೊಡ್ಡದು.

ಈಗ ಅದೇ ಸಾಲಿಗೆ ಒಂದೇ ಒಂದು ಅಗ್ಗದ ಕಾರ್ಡ್ ಸೇರಿಸಿ. ಅವನೇ ಮೊದಲು ಆಡುತ್ತಿದ್ದಾನೆ, ನಾವು ನಮ್ಮ ಎರಡನೇ ಟರ್ನಿನಲ್ಲಿ ಅವನ ಮೊದಲ ಕ್ರೀಚರನ್ನು ಕೊಂದೆವು. ಪೆಟ್ಟು 2, ಆಮೇಲೆ 2, ಆಮೇಲೆ 5. ಒಟ್ಟು 9, ಉಳಿದದ್ದು 11. ರಾತ್ ಒಂದು ಟರ್ನ್ ತಡವಾದರೂ 6 ಲೈಫಿನಲ್ಲಿ ಉಸಿರಾಡುತ್ತಿರುತ್ತೇವೆ. ಎರಡು ಮಾನಾದ ಒಂದು ಸಾಧಾರಣ ಕಾರ್ಡ್ ನಾಲ್ಕು ಮಾನಾದ ಮಹಾ ಕಾರ್ಡಿಗೆ ಒಂದು ಟರ್ನ್ ಸಾಲ ಕೊಟ್ಟಿತು. ಅದಕ್ಕೇ ರಾತ್ ಸುತ್ತ ಕಟ್ಟಿದ ಡೆಕ್ಕಿನಲ್ಲಿ ಒಂದೊಂದೇ ಕ್ರೀಚರನ್ನು ತೆಗೆಯುವ ಅಗ್ಗದ ಕಾರ್ಡುಗಳು ರಾತ್‌ಗಿಂತ ಹೆಚ್ಚು ಸಂಖ್ಯೆಯಲ್ಲಿ ಇರಬೇಕು. ‘ಎಲ್ಲವನ್ನೂ ಒಟ್ಟಿಗೆ ಗುಡಿಸುವ ಕಾರ್ಡ್ ಇರುವಾಗ ಒಂದೊಂದನ್ನೇ ಏಕೆ ತೆಗೆಯಬೇಕು’ ಎಂದು ಕೇಳುವವರಿಗೆ ಮೇಲಿನ ಲೆಕ್ಕವೇ ಉತ್ತರ.

ಇನ್ನು, ನಾಲ್ಕನೇ ಟರ್ನಿಗೆ ಆ ಕಾರ್ಡ್ ಕೈಯಲ್ಲಿರುತ್ತದೆಯೇ? 60 ಕಾರ್ಡಿನ ಡೆಕ್, ನಾಲ್ಕು ರಾತ್. ನಾವು ಮೊದಲು ಆಡಿದರೆ ನಾಲ್ಕನೇ ಟರ್ನಿಗೆ ಕಂಡಿರುವುದು 10 ಕಾರ್ಡ್. ಅದರಲ್ಲಿ ಒಂದಾದರೂ ರಾತ್ ಇರುವ ಸಾಧ್ಯತೆ ಸುಮಾರು ಶೇ 53. ಹೆಚ್ಚೂಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಇದೇ ಜಾತಿಯ ಇನ್ನೆರಡು ಕಾರ್ಡ್ ಸೇರಿಸಿ ಆರು ಮಾಡಿದರೆ ಶೇ 68, ಎಂಟು ಮಾಡಿದರೆ ಶೇ 79.

ಲ್ಯಾಂಡಿನ ಲೆಕ್ಕ ಬೇರೆ. 24 ಲ್ಯಾಂಡ್ ಇದ್ದರೆ ಆ 10 ಕಾರ್ಡಿನಲ್ಲಿ ನಾಲ್ಕಾದರೂ ಲ್ಯಾಂಡ್ ಇರುವ ಸಾಧ್ಯತೆ ಶೇ 63. 26 ಇದ್ದರೆ ಶೇ 72ರ ಹತ್ತಿರ. ಇವೆರಡೂ ಒಟ್ಟಿಗೆ ಕೂಡಿಬರಬೇಕಲ್ಲ? ನಾಲ್ಕು ರಾತ್, 24 ಲ್ಯಾಂಡ್ ಇಟ್ಟವರಿಗೆ ಸರಿಯಾದ ಹೊತ್ತಿಗೆ ರಾತ್ ಹಾಕಲು ಆಗುವುದು ಮೂರು ಆಟದಲ್ಲಿ ಒಂದರಲ್ಲಿ. ಆರು, 26 ಇಟ್ಟವರಿಗೂ ಅರ್ಧಕ್ಕಿಂತ ಕಡಿಮೆಯೇ. ಈ ಲೆಕ್ಕ ಮಾಡಿದ ದಿನ ನನಗೆ ಕಣ್ಣು ತೆರೆಯಿತು. ‘ನನ್ನ ಡೆಕ್ ನಾಲ್ಕನೇ ಟರ್ನಿಗೆ ರಾತ್ ಹಾಕುತ್ತದೆ’ ಎಂದು ನಂಬಿಕೊಂಡು ಕಟ್ಟಿದ್ದೆ. ಅದು ಹಾಕುತ್ತಿದ್ದದ್ದು ಮೂರರಲ್ಲಿ ಒಂದು ಸಲ. ಉಳಿದ ಎರಡು ಆಟಗಳನ್ನು ಯಾವ ಕಾರ್ಡ್ ಆಡಬೇಕು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಅದಕ್ಕೆ ಉತ್ತರ, ದಾರಿಯಲ್ಲೇ ಕಾರ್ಡ್ ಎಳೆದುಕೊಳ್ಳುವ ಕಾರ್ಡುಗಳು. ಅವುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ವಾಲ್ ಆಫ್ ಓಮೆನ್ಸ್, 2010ರಲ್ಲಿ ಬಂದದ್ದು. ಎರಡು ಮಾನಾ, 0 ಬಲ, 4 ತಾಳಿಕೆ (ಅಂದರೆ ಸಾಯಲು 4 ಪೆಟ್ಟು ಬೀಳಬೇಕು), ಇಳಿದ ಕೂಡಲೇ ಒಂದು ಕಾರ್ಡ್ ಕೊಡುತ್ತದೆ. ಇದೂ ಕ್ರೀಚರೇ, ರಾತ್ ಇದನ್ನೂ ಕೊಲ್ಲುತ್ತದೆ. ಆದರೆ ಏನು ಹೋಯಿತು? ತನ್ನ ಋಣವನ್ನು ಇಳಿದ ಗಳಿಗೆಯಲ್ಲೇ ತೀರಿಸಿದೆ. ಎರಡು ಟರ್ನ್ ಅಡ್ಡ ನಿಂತು ಪೆಟ್ಟು ತಡೆದಿದೆ. ಇನ್ನೂ ಒಂದು ಉಪಕಾರ ಅದರಿಂದ ಇದೆ. ಎದುರಿಗೆ 4 ತಾಳಿಕೆಯ ಗೋಡೆ ಇದ್ದಾಗ, ಅದನ್ನು ದಾಟಲು ಎದುರಾಳಿ ಇನ್ನೊಂದು ಕ್ರೀಚರ್ ಇಳಿಸುತ್ತಾನೆ. ನಮಗೆ ಬೇಕಾದದ್ದೂ ಅದೇ. ಹಾಗಾಗಿ ‘ರಾತ್ ಡೆಕ್ಕಿನಲ್ಲಿ ಕ್ರೀಚರ್ ಇರಬಾರದು’ ಎಂಬ ನಿಯಮವನ್ನು ನಾನು ಹೀಗೆ ತಿದ್ದಿಕೊಂಡಿದ್ದೇನೆ: ಸತ್ತರೆ ದುಃಖವಾಗುವ ಕ್ರೀಚರ್ ಇರಬಾರದು.

ಹಾಗಾದರೆ ಗೆಲ್ಲುವುದು ಯಾವುದರಿಂದ? ರಾತ್ ಮುಟ್ಟದ ವಸ್ತುಗಳಿಂದ. ಇದರ ಚರಿತ್ರೆಯೇ ಸೊಗಸಾಗಿದೆ. 1994ರಲ್ಲಿ ಬಂದ ಮಿಶ್ರಾಸ್ ಫ್ಯಾಕ್ಟರಿ ಒಂದು ಲ್ಯಾಂಡ್. ಒಂದು ಮಾನಾ ಕೊಟ್ಟರೆ ಆ ಟರ್ನಿನ ಮಟ್ಟಿಗೆ 2/2 (2 ಬಲ, 2 ತಾಳಿಕೆ) ಕ್ರೀಚರ್ ಆಗುತ್ತದೆ, ಆಮೇಲೆ ಮತ್ತೆ ಲ್ಯಾಂಡ್. ನಮ್ಮ ಟರ್ನಿನಲ್ಲಿ ರಾತ್ ಹಾಕುವಾಗ ಅದು ಬರೀ ನೆಲ. ಮುಂದಿನ ಟರ್ನಿನಲ್ಲಿ ಖಾಲಿ ಮೇಜಿನ ಮೇಲೆ ಎದ್ದು ಹೊಡೆಯುತ್ತದೆ. 2010ರ ಸೆಲೆಸ್ಟಿಯಲ್ ಕಾಲನೇಡ್ ಇದೇ ಯೋಚನೆಯ ದೊಡ್ಡ ರೂಪ, ಹಾರುವ 4/4. 2007ರಲ್ಲಿ ಪ್ಲೇನ್ಸ್‌ವಾಕರ್ ಕಾರ್ಡುಗಳು, ಅಂದರೆ ಮೇಜಿನ ಮೇಲೆ ಉಳಿದು ಪ್ರತಿ ಟರ್ನಿಗೂ ಒಂದೊಂದು ಉಪಕಾರ ಮಾಡುವ ಕಾರ್ಡುಗಳು, ಬಂದ ಮೇಲೆ ರಾತ್ ಡೆಕ್ಕುಗಳ ಬದುಕೇ ಬದಲಾಯಿತು ಎನ್ನಬೇಕು. ಪ್ಲೇನ್ಸ್‌ವಾಕರ್ ಕ್ರೀಚರ್ ಅಲ್ಲ, ರಾತ್ ಅದನ್ನು ಮುಟ್ಟದು. ಅದನ್ನು ಕೆಡವಲು ಎದುರಾಳಿಗೆ ಇರುವ ಸುಲಭದ ಉಪಾಯ ಕ್ರೀಚರ್‌ಗಳಿಂದ ಹೊಡೆಯುವುದು. ಅವನ ಕ್ರೀಚರ್‌ಗಳೇ ಇಲ್ಲದ ಮೇಜಿನ ಮೇಲೆ ಟೆಫೆರಿ, ಹೀರೋ ಆಫ್ ಡೊಮಿನೇರಿಯಾ ಎಂಬ ಪ್ಲೇನ್ಸ್‌ವಾಕರ್ ಇಳಿದರೆ ಪ್ರತಿ ಟರ್ನಿಗೂ ಒಂದು ಹೆಚ್ಚುವರಿ ಕಾರ್ಡ್, ಟರ್ನಿನ ಕೊನೆಯಲ್ಲಿ ಮತ್ತೆ ಮಾನಾ ಕೊಡಲು ಎದ್ದು ನಿಲ್ಲುವ ಎರಡು ಲ್ಯಾಂಡ್. ನಾಲ್ಕಕ್ಕೆ ರಾತ್, ಐದಕ್ಕೆ ಟೆಫೆರಿ. 2018ರಲ್ಲಿ ಆ ಕಾರ್ಡ್ ಬಂದ ಮೇಲೆ ಈ ಅನುಕ್ರಮವನ್ನು ಎದುರಿಸಿದವರಿಗೆ ಅದರ ಭಾರ ಗೊತ್ತು.

ಇನ್ನೊಂದು ಹಳೆಯ ಉಪಾಯ, 2003ರ ಡಿಕ್ರೀ ಆಫ್ ಜಸ್ಟಿಸ್. ಎದುರಾಳಿಯ ಟರ್ನಿನ ಕೊನೆಯಲ್ಲಿ ಅದನ್ನು ಸೈಕಲ್ ಮಾಡಿ (ಅಂದರೆ ಬೆಲೆ ಕೊಟ್ಟು ಕೈಯಿಂದ ಎಸೆದು ಬೇರೊಂದು ಕಾರ್ಡ್ ಎಳೆದುಕೊಂಡು), ಉಳಿದ ಮಾನಾ ಎಷ್ಟಿದೆಯೋ ಅಷ್ಟು 1/1 ಸೈನಿಕರನ್ನು ಎಬ್ಬಿಸಬಹುದು, ಜೊತೆಗೆ ಒಂದು ಕಾರ್ಡೂ ಸಿಗುತ್ತದೆ. ನಮ್ಮ ರಾತ್ ಅವರನ್ನು ಕಾಣುವುದೇ ಇಲ್ಲ. ಅವರು ಹುಟ್ಟುವುದೇ ರಾತ್ ಮುಗಿದ ಮೇಲೆ.

ಗೆಲ್ಲಿಸುವ ಕಾರ್ಡುಗಳು ಎಷ್ಟಿರಬೇಕು ಎಂಬಲ್ಲಿ ಹೊಸಬರು ಸಾಮಾನ್ಯವಾಗಿ ಹೆದರುತ್ತಾರೆ, ಹೆಚ್ಚು ತುಂಬುತ್ತಾರೆ. 1990ರ ದಶಕದ ನಡುವೆ ಬ್ರಯಾನ್ ವೈಸ್‌ಮನ್ ಕಟ್ಟಿದ, ‘ದ ಡೆಕ್’ ಎಂದೇ ಹೆಸರಾದ ಪಟ್ಟಿಯಲ್ಲಿ ಗೆಲ್ಲಲು ಇದ್ದದ್ದು ಮುಖ್ಯವಾಗಿ ಸೆರಾ ಏಂಜೆಲ್ ಎಂಬ ಎರಡು ಕ್ರೀಚರ್. ಅದು ರಾತ್ ಡೆಕ್ ಅಲ್ಲ. ಎದುರಾಳಿಯ ಕ್ರೀಚರ್‌ಗಳನ್ನು ತಡೆಯಲು ಅದು ನೆಚ್ಚಿದ್ದು ಮೋಟ್‌ನಂಥ ಕಾರ್ಡುಗಳನ್ನು. ಆದರೆ ಅದು ಕಲಿಸಿದ ಪಾಠ ನಮ್ಮದೇ. ಕ್ರೀಚರ್ ಕೊಲ್ಲುವ ಕಾರ್ಡುಗಳನ್ನು ಎದುರಾಳಿ ಡೆಕ್ ತುಂಬ ಇಟ್ಟುಕೊಂಡಿರುತ್ತಾನೆ. ನಮ್ಮಲ್ಲಿ ಕ್ರೀಚರ್‌ಗಳೇ ಇಲ್ಲದಿದ್ದರೆ ಅವೆಲ್ಲ ಅವನ ಕೈಯಲ್ಲಿ ಸತ್ತ ಕಾರ್ಡುಗಳು. ಆಟ ನಮ್ಮ ಹಿಡಿತಕ್ಕೆ ಬಂದ ಮೇಲೆ ಯಾವುದರಿಂದ ಗೆದ್ದರೂ ಗೆಲುವೇ. ಎರಡು ಸಾಕು, ಅಂಜಿಕೆ ಇದ್ದರೆ ಮೂರು.

ಒಂದು ಅಸ್ಥಿಪಂಜರ ಹೇಳಿಬಿಡುತ್ತೇನೆ, ಬಿಳಿ-ನೀಲಿ ಎಂದಿಟ್ಟುಕೊಂಡು. 26 ಲ್ಯಾಂಡ್, ಅದರಲ್ಲಿ ಮೂರ್ನಾಲ್ಕು ಕ್ರೀಚರ್ ಆಗುವಂಥವು. ಗುಡಿಸುವ ಕಾರ್ಡ್ 6. ಒಂದೊಂದನ್ನೇ ತೆಗೆಯುವ ಅಗ್ಗದವು 8. ಎದುರಾಳಿ ಹಾಕಿದ ಕಾರ್ಡನ್ನು ರದ್ದು ಮಾಡುವ ಕೌಂಟರ್‌ಸ್ಪೆಲ್ 6. ಕಾರ್ಡ್ ಎಳೆಯುವವು 8. ಗೋಡೆ 4. ಪ್ಲೇನ್ಸ್‌ವಾಕರ್ 2. ಅಲ್ಲಿಗೆ 60. ಇದು ವೇದವಾಕ್ಯ ಅಲ್ಲ. ನಿಮ್ಮ ಸುತ್ತ ಆಡುವವರು ವೇಗದವರಾದರೆ ಕೌಂಟರ್‌ಸ್ಪೆಲ್ ಇಳಿಸಿ ಅಗ್ಗದವನ್ನು ಏರಿಸಿ. ಲ್ಯಾಂಡ್ ಮಾತ್ರ ಇಳಿಸಬೇಡಿ. ನಾಲ್ಕು ಲ್ಯಾಂಡ್ ಇದ್ದರಷ್ಟೇ ಸಾಲದು, ಅದರಲ್ಲಿ ಎರಡು ಬಿಳಿ ಕೊಡಬೇಕು ಎಂಬುದನ್ನೂ ನೆನಪಿಡಿ. ನೀಲಿಗೆ ಮನಸೋತು ಬಿಳಿ ಕಡಿಮೆ ಮಾಡಿದವರು ಕೈಯಲ್ಲಿ ರಾತ್ ಹಿಡಿದುಕೊಂಡೇ ಸೋಲುವುದನ್ನು ನಾನು ನೋಡಿದ್ದೇನೆ.

ಆರು ಗುಡಿಸುವ ಕಾರ್ಡುಗಳಲ್ಲಿ ಆರೂ ರಾತ್ ಆಗಲು ನಿಯಮ ಬಿಡುವುದಿಲ್ಲ, ಆಗಬೇಕಾಗಿಯೂ ಇಲ್ಲ. ರಾತ್‌ಗೆ ದೊಡ್ಡ ಬಳಗವಿದೆ. 2007ರ ಡ್ಯಾಮ್ನೇಷನ್ ಅದೇ ಕೆಲಸವನ್ನು ಕಪ್ಪು ಮಾನಾದಲ್ಲಿ ಮಾಡುತ್ತದೆ. 2009ರ ಡೇ ಆಫ್ ಜಡ್ಜ್‌ಮೆಂಟ್‌ನಲ್ಲಿ ರೀಜನರೇಟ್ ತಡೆಯುವ ಸಾಲು ಇಲ್ಲ. 2012ರ ಸುಪ್ರೀಂ ವರ್ಡಿಕ್ಟ್‌ಗೆ ಒಂದು ನೀಲಿ ಮಾನಾವೂ ಬೇಕು, ಆದರೆ ಅದನ್ನು ಕೌಂಟರ್ ಮಾಡಲಾಗದು. 2023ರ ಸನ್‌ಫಾಲ್ ಐದು ಮಾನಾ ಕೇಳುತ್ತದೆ, ಕೊಲ್ಲುವ ಬದಲು ಎಕ್ಸೈಲ್ ಮಾಡುತ್ತದೆ, ಅಂದರೆ ಆಟದಿಂದಲೇ ಹೊರಗಿಡುತ್ತದೆ. ಸತ್ತಾಗ ಏನಾದರೂ ಕೊಡುವ ಕ್ರೀಚರ್‌ಗಳು, ನಾಶವಾಗದ ಕ್ರೀಚರ್‌ಗಳು ಎದುರಿದ್ದಾಗ ಆ ಒಂದು ಹೆಚ್ಚಿನ ಮಾನಾ ಸಾರ್ಥಕ. ಚಿಕ್ಕವರ ಹಿಂಡು ನುಗ್ಗಿ ಬರುವ ಡೆಕ್ಕಿನ ಎದುರು ಪೈರೋಕ್ಲಾಸಂ: ಎರಡೇ ಮಾನಾ, ಎಲ್ಲ ಕ್ರೀಚರ್‌ಗೂ 2 ಪೆಟ್ಟು. ನಮ್ಮ 4 ತಾಳಿಕೆಯ ಗೋಡೆಗೆ ಅದರಿಂದ ಏನೂ ಆಗದು. ‘ಎಲ್ಲ’ ಎಂದು ಬರೆದಿದ್ದರೂ ಬದುಕುವವರು ಯಾರು ಎಂದು ನಾವು ಮೊದಲೇ ನಿರ್ಧರಿಸಿ ಬಂದಿದ್ದೇವೆ.

ಈ ಯೋಚನೆಯನ್ನು ಇನ್ನೂ ಮುಂದಕ್ಕೆ ಒಯ್ದ ಕಾರ್ಡುಗಳಿವೆ. 2015ರ ಕ್ರಕ್ಸ್ ಆಫ್ ಫೇಟ್ ಒಂದೋ ಡ್ರ್ಯಾಗನ್‌ಗಳನ್ನೆಲ್ಲ ಕೊಲ್ಲುತ್ತದೆ, ಇಲ್ಲವೇ ಡ್ರ್ಯಾಗನ್ ಅಲ್ಲದವನ್ನೆಲ್ಲ. ಡ್ರ್ಯಾಗನ್ ಡೆಕ್ ಕಟ್ಟಿದವರಿಗೆ ಅದು ಒಂದು ಬದಿಯ ರಾತ್. ನನಗೆ ಇದಕ್ಕಿಂತ ಇಷ್ಟವಾದದ್ದು 2005ರ ಅವರ್ ಆಫ್ ರೆಕನಿಂಗ್. ಏಳು ಮಾನಾ, ಟೋಕನ್ (ಬೇರೆ ಕಾರ್ಡುಗಳು ಹುಟ್ಟಿಸುವ ಕ್ರೀಚರ್) ಅಲ್ಲದ ಕ್ರೀಚರ್‌ಗಳೆಲ್ಲ ನಾಶ. ಏಳು ಬಹಳವಾಯಿತು ಅನ್ನಿಸುತ್ತದೆ, ಆದರೆ ಅದಕ್ಕೆ ಕಾನ್ವೋಕ್ ಇದೆ: ನಮ್ಮ ಕ್ರೀಚರ್‌ಗಳನ್ನು ಟ್ಯಾಪ್ ಮಾಡಿ, ಅಂದರೆ ಬಳಸಿದ ಗುರುತಿಗೆ ಅಡ್ಡ ತಿರುಗಿಸಿ, ಬೆಲೆ ತೀರಿಸಬಹುದು. ಟೋಕನ್‌ಗಳ ಡೆಕ್ ಕಟ್ಟಿದರೆ, ನಮ್ಮ ಟೋಕನ್‌ಗಳೇ ಅದರ ಬೆಲೆ ಕೊಡುತ್ತವೆ, ಅದು ಬಿದ್ದ ಮೇಲೆ ಅವೇ ಉಳಿಯುತ್ತವೆ. ಕಾರ್ಡೂ ಡೆಕ್ಕೂ ಒಂದನ್ನೊಂದು ಹೊತ್ತು ನಡೆಯುವುದೆಂದರೆ ಇದು.

ಇದರ ತುತ್ತತುದಿ ಲಿವಿಂಗ್ ಎಂಡ್. 2006ರ ಕಾರ್ಡ್. ಪ್ರತಿ ಆಟಗಾರನೂ ತನ್ನ ಗ್ರೇವ್‌ಯಾರ್ಡಿನ (ಸತ್ತ, ಎಸೆದ ಕಾರ್ಡುಗಳ ರಾಶಿಯ) ಕ್ರೀಚರ್ ಕಾರ್ಡುಗಳನ್ನೆಲ್ಲ ಎಕ್ಸೈಲ್ ಮಾಡಬೇಕು, ಮೇಜಿನ ಮೇಲಿರುವ ತನ್ನ ಕ್ರೀಚರ್‌ಗಳನ್ನೆಲ್ಲ ಬಲಿ ಕೊಡಬೇಕು, ಆಮೇಲೆ ಎಕ್ಸೈಲ್ ಮಾಡಿದವನ್ನು ಮೇಜಿಗೆ ತರಬೇಕು. ಬದುಕಿದ್ದವರೂ ಸತ್ತವರೂ ಅದಲುಬದಲು. ಇದೂ ಇಬ್ಬರಿಗೂ ಸಮವೇ. ಆದರೆ ಮೊದಲ ಎರಡು ಟರ್ನಿನಲ್ಲಿ ದೊಡ್ಡ ದೊಡ್ಡ ಕ್ರೀಚರ್‌ಗಳನ್ನು ಸೈಕಲ್ ಮಾಡಿ ಗ್ರೇವ್‌ಯಾರ್ಡ್ ತುಂಬಿಸಿಕೊಂಡವನಿಗೂ, ಮೇಜಿನ ಮೇಲೆ ಪ್ರಾಮಾಣಿಕವಾಗಿ ಎರಡು ಕ್ರೀಚರ್ ಇಳಿಸಿದವನಿಗೂ ಇದು ಒಂದೇ ಆಗುತ್ತದೆಯೇ?

ಅದರಲ್ಲಿ ತೊಡಕು ಒಂದಿದೆ. ಲಿವಿಂಗ್ ಎಂಡ್‌ಗೆ ಮಾನಾ ಬೆಲೆಯೇ ಇಲ್ಲ. ಕೈಯಿಂದ ನೇರ ಹಾಕಲಾಗದು, ಸಸ್ಪೆಂಡ್ ಮಾಡಿ, ಅಂದರೆ ಮೊದಲೇ ಪಕ್ಕಕ್ಕಿಟ್ಟು, ಮೂರು ಟರ್ನ್ ಕಾಯಬೇಕು. 2009ರಲ್ಲಿ ಕ್ಯಾಸ್ಕೇಡ್ ಎಂಬ ಗುಣ ಬಂತು. ಕ್ಯಾಸ್ಕೇಡ್ ಇರುವ ಕಾರ್ಡ್ ಹಾಕಿದರೆ, ಅದಕ್ಕಿಂತ ಕಡಿಮೆ ಬೆಲೆಯ ಲ್ಯಾಂಡ್ ಅಲ್ಲದ ಕಾರ್ಡ್ ಸಿಗುವವರೆಗೆ ಡೆಕ್ ಬಿಚ್ಚುತ್ತಾ ಹೋಗಿ, ಸಿಕ್ಕಿದ್ದನ್ನು ಬಿಟ್ಟಿಯಾಗಿ ಹಾಕಬಹುದು. ಈಗ ಡೆಕ್ ಕಟ್ಟುವವರ ಮನಸ್ಸು ನೋಡಿ. ಮೂರು ಮಾನಾದ ಕ್ಯಾಸ್ಕೇಡ್ ಕಾರ್ಡುಗಳನ್ನು ಇಟ್ಟರು. ಡೆಕ್ಕಿನಲ್ಲಿ ಮೂರಕ್ಕಿಂತ ಕಡಿಮೆ ಬೆಲೆಯ ಕಾರ್ಡ್ ಲಿವಿಂಗ್ ಎಂಡ್ ಬಿಟ್ಟು ಇನ್ನೊಂದೂ ಇರದಂತೆ ನೋಡಿಕೊಂಡರು. ಹಾಗಾಗಿ ಕ್ಯಾಸ್ಕೇಡ್ ಬಿಚ್ಚಿದರೆ ಸಿಗುವುದು ಅದೊಂದೇ. ಮೂರನೇ ಟರ್ನಿಗೆ ಎದುರಾಳಿಯ ಮೇಜು ಖಾಲಿ, ನಮ್ಮ ಮೇಜು ತುಂಬ ದೈತ್ಯರು.

ಇದಕ್ಕಾಗಿ ಅವರು ಬಿಟ್ಟುಕೊಟ್ಟದ್ದನ್ನು ನೆನೆದರೆ ನನಗೆ ಗೌರವ ಮೂಡುತ್ತದೆ. ಒಂದು, ಎರಡು ಮಾನಾದ ಯಾವ ಒಳ್ಳೆಯ ಕಾರ್ಡನ್ನೂ ಇಡುವಂತಿಲ್ಲ. ಅಗ್ಗದ ಕೌಂಟರ್‌ಸ್ಪೆಲ್ ಇಲ್ಲ, ಅಗ್ಗದ ರಿಮೂವಲ್ (ಕ್ರೀಚರ್ ತೆಗೆಯುವ ಕಾರ್ಡ್) ಇಲ್ಲ. ಹೀಗಾಗಿ ಬೆಲೆ ದೊಡ್ಡದು ಎಂದು ಬರೆದಿದ್ದರೂ ಮಾನಾ ಕೊಡದೆ ಹಾಕಬಹುದಾದ ಕಾರ್ಡುಗಳನ್ನು ಹುಡುಕಿ ತಂದರು. ಫೋರ್ಸ್ ಆಫ್ ನೆಗೇಷನ್ ಅಂಥದ್ದು: ಬೆಲೆ ಮೂರು, ಆದರೆ ಎದುರಾಳಿಯ ಟರ್ನಿನಲ್ಲಿ ಕೈಯಿಂದ ಇನ್ನೊಂದು ನೀಲಿ ಕಾರ್ಡನ್ನು ಎಕ್ಸೈಲ್ ಮಾಡಿದರೆ ಬಿಟ್ಟಿ. ಸ್ಟ್ರೀಟ್ ರೈತ್ ಐದು ಮಾನಾದ ಕ್ರೀಚರ್, 2 ಲೈಫ್ ಕೊಟ್ಟರೆ ಸೈಕಲ್ ಆಗಿ ಗ್ರೇವ್‌ಯಾರ್ಡಿಗೆ ಹೋಗುತ್ತದೆ. ಇನ್ನೊಂದು ವಿಚಿತ್ರ: ಅಷ್ಟು ಮುಖ್ಯವಾದ ಲಿವಿಂಗ್ ಎಂಡ್ ಕಾರ್ಡನ್ನು ಸಾಮಾನ್ಯವಾಗಿ ಮೂರೇ ಇಡುತ್ತಾರೆ, ಏಕೆಂದರೆ ಅದು ಕೈಗೆ ಬರುವುದೇ ತೊಂದರೆ. ಡೆಕ್ ಇಡೀ ಯಾವ ಕಾರ್ಡಿಗಾಗಿ ಇದೆಯೋ ಆ ಕಾರ್ಡ್ ಕೈಗೆ ಬಾರದಿರಲಿ ಎಂದು ಹಾರೈಸುವ ಡೆಕ್. ಕ್ಯಾಸ್ಕೇಡ್‌ನ ಬಲ ಎಷ್ಟೆಂದರೆ, ಇದಕ್ಕೆ ಬೆನ್ನೆಲುಬಾಗಿದ್ದ ವಯಲೆಂಟ್ ಔಟ್‌ಬರ್ಸ್ಟ್ ಕಾರ್ಡನ್ನು 2024ರ ಮಾರ್ಚಿನಲ್ಲಿ ಮಾಡರ್ನ್ ಎಂಬ ಆಟದ ಪ್ರಕಾರದಲ್ಲಿ ನಿಷೇಧಿಸಿದರು.

ಈಗ ಮೇಜಿಗೆ ಬರೋಣ. ರಾತ್ ಕೈಯಲ್ಲಿದೆ, ನಾಲ್ಕು ಲ್ಯಾಂಡ್ ಇದೆ, ಎದುರಿಗೆ ಎರಡು ಕ್ರೀಚರ್ ಇವೆ. ಹಾಕಬೇಕೇ, ಇನ್ನೊಂದು ಟರ್ನ್ ಕಾಯಬೇಕೇ?

ನಾನು ಕೇಳಿಕೊಳ್ಳುವುದು ಎರಡು ಪ್ರಶ್ನೆ. ಕಾದರೆ ಎಷ್ಟು ಪೆಟ್ಟು ಬೀಳುತ್ತದೆ? ಕಾದರೆ ಅವನು ಇನ್ನೊಂದು ಕ್ರೀಚರ್ ಇಳಿಸುತ್ತಾನೆಯೇ? ಮೊದಲನೆಯದಕ್ಕೆ ಉತ್ತರ ಮೇಜಿನ ಮೇಲೇ ಇದೆ. ಎರಡನೆಯದಕ್ಕೆ ಅವನ ಕೈ ನೋಡಬೇಕು. ಐದು ಕಾರ್ಡ್ ಇಟ್ಟುಕೊಂಡು, ಮಾನಾ ಉಳಿದಿದ್ದರೂ ಏನೂ ಇಳಿಸದೆ ಟರ್ನ್ ಬಿಟ್ಟುಕೊಟ್ಟನೇ? ಹಾಗಿದ್ದರೆ ಅವನಿಗೆ ನಮ್ಮ ರಾತ್ ಗೊತ್ತು, ಕಾದು ಪ್ರಯೋಜನವಿಲ್ಲ. ಕೈಯಲ್ಲಿ ಒಂದೇ ಕಾರ್ಡ್ ಉಳಿದಿದೆಯೇ? ಇರುವುದೆಲ್ಲ ಮೇಜಿಗೆ ಬಂದಿದೆ, ಈಗಲೇ ಹಾಕಿ. ತಾಳಿದವನು ಬಾಳಿಯಾನು ಎಂಬ ಮಾತು ನಿಜ, ಆದರೆ ಈ ಆಟದಲ್ಲಿ ತಾಳ್ಮೆಗೆ 20 ಎಂಬ ಮಿತಿ ಇದೆ. ನನ್ನ ಅನುಭವದಲ್ಲಿ, ಎರಡಕ್ಕೆ ಹಾಕಿ ಸೋತ ಆಟಗಳಿಗಿಂತ ನಾಲ್ಕಕ್ಕೆ ಕಾದು ಸೋತ ಆಟಗಳೇ ಹೆಚ್ಚು. ಕಾಯಲು ಹೊರಟವರು ಒಂದನ್ನು ಮರೆಯುತ್ತಾರೆ: ಅವನ ಮುಂದಿನ ಕಾರ್ಡ್ ಇಳಿದ ಕೂಡಲೇ ಹೊಡೆಯುವ ಹೇಸ್ಟ್ ಕ್ರೀಚರ್ ಆಗಿರಬಹುದು.

ಎದುರು ಕೂತವನ ಸಂಕಟವನ್ನೂ ಒಮ್ಮೆ ಅನುಭವಿಸಿ ನೋಡಿ. ಹೆಚ್ಚು ಇಳಿಸಿದರೆ ರಾತ್ ಎಲ್ಲವನ್ನೂ ಒಯ್ಯುತ್ತದೆ. ಕಡಿಮೆ ಇಳಿಸಿದರೆ ನಮಗೆ ಸಮಯ ಸಿಗುತ್ತದೆ, ಆರು ಏಳು ಲ್ಯಾಂಡ್ ತಲುಪಿದ ಮೇಲೆ ನಮ್ಮ ಡೆಕ್ಕನ್ನು ಹಿಡಿಯಲಾಗದು. ಅತ್ತ ದರಿ, ಇತ್ತ ಪುಲಿ. ಒಳ್ಳೆಯ ಆಟಗಾರ ಎರಡನ್ನು ಇಳಿಸಿ ಎರಡನ್ನು ಕೈಯಲ್ಲಿ ಹಿಡಿಯುತ್ತಾನೆ. ಹಾಗೆ ಹಿಡಿದಾಗ ನಮ್ಮ ರಾತ್ ಏನು ಮಾಡಿತು? ಕೈಯಿಂದ ಹೊರಗೇ ಬಾರದೆ ಅವನ ಎರಡು ಕ್ರೀಚರನ್ನು ತಡೆದಿದೆ. ಡೆಕ್ಕಿನಲ್ಲಿ ಇದೆ ಎಂಬ ಗುಮಾನಿಯೇ ಅರ್ಧ ಕೆಲಸ ಮಾಡುತ್ತದೆ. ಅಂಥವನ ಎದುರು ರಾತ್ ಹಾಕಲು ಅವಸರ ಬೇಡ. ಇಳಿದ ಎರಡನ್ನು ಅಗ್ಗದ ಕಾರ್ಡುಗಳಿಂದ ತೆಗೆಯಿರಿ, ರಾತ್ ಕೈಯಲ್ಲೇ ಇರಲಿ. ಕ್ರಮೇಣ ಅವನಿಗೆ ಇನ್ನೊಂದು ಇಳಿಸದೆ ಬೇರೆ ದಾರಿ ಇರುವುದಿಲ್ಲ.

ಬೇರೆ ಆಟಗಳ ಮಾತು ಸಂಕ್ಷಿಪ್ತವಾಗಿ. ಯು-ಗಿ-ಓಹ್ ಆಟದಲ್ಲಿ ಡಾರ್ಕ್ ಹೋಲ್ ಎರಡೂ ಬದಿಯ ಮಾನ್ಸ್ಟರ್‌ಗಳನ್ನು ನಾಶ ಮಾಡುತ್ತದೆ, ರೈಗೆಕಿ ಎದುರಾಳಿಯವನ್ನು ಮಾತ್ರ. ಅಲ್ಲಿ ಮಾನಾ ಎಂಬುದೇ ಇಲ್ಲ, ಹಾಗಾಗಿ ಗುಡಿಸಿದ ಟರ್ನಿನಲ್ಲೇ ತನ್ನ ಪಡೆಯನ್ನು ಪೂರ್ತಿ ಕಟ್ಟಿ ಹೊಡೆಯಬಹುದು. ನಮ್ಮಲ್ಲಿ ರಕ್ಷಣೆಯ ಕಾರ್ಡ್ ಆಗಿರುವುದು ಅಲ್ಲಿ ದಾಳಿಯ ಮೊದಲ ಹೆಜ್ಜೆ. ಹಾರ್ತ್‌ಸ್ಟೋನ್‌ನ ಬ್ರಾಲ್ ಎಲ್ಲವನ್ನೂ ಕೊಂದು ಯಾದೃಚ್ಛಿಕವಾಗಿ ಒಂದನ್ನು ಉಳಿಸುತ್ತದೆ. ಎದುರಾಳಿಯದು ನಾಲ್ಕು, ನಮ್ಮದು ಒಂದಿದ್ದರೆ ನಮ್ಮದು ಉಳಿಯುವ ಸಾಧ್ಯತೆ ಐದರಲ್ಲಿ ಒಂದು. ಮ್ಯಾಜಿಕ್‌ನದೇ ಇನ್ನೊಂದು ಪ್ರಕಾರವಾದ, ನಾಲ್ವರು ಕೂತು ಆಡುವ ಕಮಾಂಡರ್‌ನಲ್ಲಿ 100 ಕಾರ್ಡ್, ಬೇಸಿಕ್ ಲ್ಯಾಂಡ್ ಬಿಟ್ಟು ಪ್ರತಿಯೊಂದೂ ಒಂದೇ ಪ್ರತಿ, 40 ಲೈಫ್. ಅಲ್ಲಿ ಒಬ್ಬ ಗುಡಿಸಿದರೆ ಉಳಿದ ಮೂವರದೂ ಹೋಗುತ್ತದೆ, ಆದರೆ ಖಾಲಿ ಮೇಜಿನ ಮೇಲೆ ಮೊದಲು ಕಾಲಿಡುವವನು ಗುಡಿಸಿದವನ ಎಡಕ್ಕೆ ಕೂತವನು. ಅದಕ್ಕೇ ಆ ಆಟದಲ್ಲಿ, ಗುಡಿಸಿದ ಅದೇ ಟರ್ನಿನಲ್ಲಿ ಇನ್ನೊಂದು ಕಾರ್ಡ್ ಇಳಿಸಲು ಮಾನಾ ಇರುವವರೆಗೆ ನಾನು ಆದಷ್ಟು ಕಾಯುತ್ತೇನೆ.

ಪ್ರಶ್ನೆಗಳಲ್ಲಿ ಮೊದಲನೆಯದು: ‘ಡೆಕ್ ಸರಿ ಇದೆಯೇ ಎಂದು ಯಾರೊಂದಿಗೂ ಆಡದೆ ತಿಳಿಯುವುದು ಹೇಗೆ?’ ಶಫಲ್ ಮಾಡಿ 10 ಕಾರ್ಡ್ ಬಿಚ್ಚಿ. ನಾಲ್ಕು ಲ್ಯಾಂಡ್ ಇದೆಯೇ, ಎರಡು ಬಿಳಿ ಇದೆಯೇ, ಗುಡಿಸುವ ಕಾರ್ಡ್ ಇದೆಯೇ, ಇಲ್ಲದಿದ್ದರೆ ಆ ಮೂರು ಟರ್ನಿನಲ್ಲಿ ಏನು ಮಾಡುತ್ತಿದ್ದಿರಿ ಎಂದು ಬರೆದುಕೊಳ್ಳಿ. ಇದನ್ನು 30 ಸಲ ಮಾಡಿ. ಮೂರನೇ ಪ್ರಶ್ನೆಗೆ ‘ಇಲ್ಲ’ ಎಂದು ಬಂದ ಕೈಗಳನ್ನು ಬೇರೆ ಇಟ್ಟು ನೋಡಿ. ಆ ಕೈಗಳಲ್ಲಿ ಎರಡನೇ ಟರ್ನಿಗೆ ಮಾಡಲು ಏನಾದರೂ ಇದ್ದರೆ ಡೆಕ್ ನಿಲ್ಲುತ್ತದೆ.

ಎರಡನೆಯದನ್ನು ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: ‘ಎದುರಾಳಿಯೂ ಇಂಥದ್ದೇ ಡೆಕ್ ತಂದಿದ್ದರೆ? ಅವನಲ್ಲೂ ಕ್ರೀಚರ್ ಇಲ್ಲ, ನನ್ನಲ್ಲೂ ಇಲ್ಲ. ನನ್ನ ಆರು ಕಾರ್ಡ್ ಏನು ಮಾಡಬೇಕು?’

ಮೊದಲ ಆಟದಲ್ಲಿ ಅವು ದಂಡವೇ. ಕೌಂಟರ್‌ಸ್ಪೆಲ್, ಪ್ಲೇನ್ಸ್‌ವಾಕರ್, ಲ್ಯಾಂಡ್ ಇವುಗಳಿಂದ ಸೆಣಸಬೇಕು. ಒಂದೊಂದು ಟರ್ನಿಗೂ ಲ್ಯಾಂಡ್ ತಪ್ಪದೆ ಇಟ್ಟವರು ಮೇಲಾಗುತ್ತಾರೆ. ಎರಡನೇ ಆಟಕ್ಕೆ ಮೊದಲು 15 ಕಾರ್ಡಿನ ಸೈಡ್‌ಬೋರ್ಡ್ (ಆಟಗಳ ನಡುವೆ ಬದಲಿಸಲು ತಂದ ಹೆಚ್ಚುವರಿ ಕಾರ್ಡುಗಳು) ತೆರೆದು ಆರನ್ನೂ ಹೊರಗಿಡಮ್ಮ. ಒಂದನ್ನೂ ಉಳಿಸಿಕೊಳ್ಳಬೇಡ, ಡೆಕ್ಕಿಗೆ ಹೆಸರು ಕೊಟ್ಟದ್ದೇ ಆ ಕಾರ್ಡ್ ಆದರೂ. ಅವುಗಳ ಜಾಗಕ್ಕೆ ಅಗ್ಗದ, ಹಟಮಾರಿ ಕ್ರೀಚರ್‌ಗಳನ್ನು ತಾ. ಆ ಹೊತ್ತಿಗೆ ಎದುರಾಳಿ ಏನು ಮಾಡುತ್ತಿರುತ್ತಾನೆ? ನಿನ್ನಲ್ಲಿ ಕ್ರೀಚರ್ ಇಲ್ಲ ಎಂದು ಮೊದಲ ಆಟದಲ್ಲಿ ನೋಡಿದ್ದಾನೆ. ತನ್ನ ರಾತ್‌ಗಳನ್ನೂ ಅಗ್ಗದ ರಿಮೂವಲ್‌ಗಳನ್ನೂ ಹೊರಗಿಡುತ್ತಿರುತ್ತಾನೆ. ಎರಡನೇ ಟರ್ನಿನಲ್ಲಿ ನೀನು ಇಳಿಸಿದ 2/2 ಕ್ರೀಚರನ್ನು ತೆಗೆಯಲು ಅವನ ಡೆಕ್ಕಿನಲ್ಲಿ ಆಗ ಹೆಚ್ಚೇನೂ ಉಳಿದಿರುವುದಿಲ್ಲ.